ಐದನೇ ಮಹಡಿ ಇವತ್ತು ಮುಚ್ಚಿದೆ

ಆಸ್ಪತ್ರೆಯ ಲಿಫ್ಟಿನೊಳಗೆ ಒಂದು ಮರದ ಸ್ಟೂಲು, ಸ್ಟೂಲಿನ ಮೇಲೆ ಒಬ್ಬ ಮನುಷ್ಯ, ಅವನ ಬಲಗೈಗೆ ಎಟಕುವಂತೆ ಐದು ಗುಂಡಿಗಳು. ಒಂಬತ್ತು ವರ್ಷ ಆ ಮನುಷ್ಯ ಕೂತಲ್ಲೇ ಕೂತು ಮೇಲಕ್ಕೂ ಕೆಳಕ್ಕೂ ಓಡಾಡಿದ್ದ. ಅವನಲ್ಲದೆ ಎಂಟು ಜನ ಹಿಡಿಸುವ ಲಿಫ್ಟು. ಸ್ಟ್ರೆಚರು ಬಂದರೆ ಇಬ್ಬರಿಗಷ್ಟೇ ಜಾಗ. ಆಗ ಅವನು ಸ್ಟೂಲನ್ನು ಎದೆಗೆ ಅವಚಿಕೊಂಡು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ. ಊರಿನವರು ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಗುಂಡಿ ಐದಾದರೂ ಇದ್ದದ್ದು ನಾಲ್ಕೇ ಮಹಡಿ. ನೆಲದ್ದು ಒಂದನೆಯದು: ಚೀಟಿ, ಔಷಧಿ, ಉದ್ದದ ಸಾಲು. ಎರಡರಲ್ಲಿ ಹೆರಿಗೆ ಮತ್ತು ಮಕ್ಕಳು. ಮೂರರಲ್ಲಿ ಒಳರೋಗಿಗಳ ಮಂಚಗಳು. ನಾಲ್ಕರಲ್ಲಿ ಕಣ್ಣು, ಹಲ್ಲು ಮತ್ತು ಕಚೇರಿ. ಅದರ ಮೇಲೆ ತಾರಸಿ. ಅಲ್ಲಿ ನೀರಿನ ಟ್ಯಾಂಕುಗಳು, ಒಣಹಾಕಿದ ಹಾಸಿಗೆ ಬಟ್ಟೆಗಳು, ಪಾರಿವಾಳಗಳು. ನಕ್ಷೆಯಲ್ಲಿ ಐದು ಮಹಡಿ ಇತ್ತಂತೆ. ನಾಲ್ಕು ಏಳುವಷ್ಟರಲ್ಲಿ ಯಾಕೋ ಕೆಲಸ ನಿಂತುಹೋಯಿತು. ಲಿಫ್ಟನ್ನು ಮಾತ್ರ ಮೊದಲೇ ಹೇಳಿ ಮಾಡಿಸಿದ್ದರಿಂದ ಅದು ಐದು ಗುಂಡಿ ಹೊತ್ತುಕೊಂಡೇ ಬಂತು. ಐದನೆಯದನ್ನು ಒತ್ತಿದರೆ ದೀಪ ಕೂಡ ಹತ್ತುತ್ತಿರಲಿಲ್ಲ.

ಉದ್ಘಾಟನೆಗೆ ಬಂದ ಮಂತ್ರಿಗಳ ಭಾಷಣ ಬರೆದವನು ಕಟ್ಟಡ ನೋಡಿರಲಿಲ್ಲ, ನಕ್ಷೆ ನೋಡಿದ್ದ. ‘ಐದು ಮಹಡಿಯ ಈ ಭವ್ಯ ಆಸ್ಪತ್ರೆ’ ಎಂದು ಮಂತ್ರಿಗಳು ಓದಿದರು. ಎದುರಿಗೆ ಕೂತಿದ್ದ ಜನ ತಲೆಯೆತ್ತಿ ಕಟ್ಟಡ ನೋಡಿ ಚಪ್ಪಾಳೆ ತಟ್ಟಿದರು. ಒಬ್ಬರಾದರೂ ಬೆರಳು ಮಡಿಚಿ ಎಣಿಸಬಾರದಿತ್ತೇ? ಚಪ್ಪಾಳೆ ತಟ್ಟುವ ಕೈಯಲ್ಲಿ ಬೆರಳು ಮಡಿಚುವುದು ಕಷ್ಟವಿರಬೇಕು. ಯಾರೂ ಎಣಿಸಲಿಲ್ಲ.

ಒಮ್ಮೆ ಚಪ್ಪಾಳೆ ಬಿದ್ದ ಮಾತನ್ನು ಯಾವ ರಾಜಕಾರಣಿ ಬಿಟ್ಟಾನು? ಮಂತ್ರಿಗಳು ಹೋದಲ್ಲೆಲ್ಲ ಐದನೇ ಮಹಡಿಯ ಮಾತೆತ್ತಿದರು. ಮೊದಲ ವರ್ಷ ಅದು ಬರೀ ಮಹಡಿಯಾಗಿತ್ತು. ಎರಡನೇ ವರ್ಷ ಅಲ್ಲಿಗೆ ಹೃದಯದ ಯಂತ್ರ ಬಂತು, ಮೂರನೇ ವರ್ಷ ಕಣ್ಣಿನ ಯಂತ್ರ. ನಾಲ್ಕನೇ ವರ್ಷ ಹೊರದೇಶದವರೂ ಅಲ್ಲಿಗೆ ಬಂದು ಗುಣವಾಗಿ ಹೋಗತೊಡಗಿದರು. ಎದುರು ಪಕ್ಷದವರಾದರೂ ‘ಇಲ್ಲ’ ಅನ್ನಬೇಕಿತ್ತು. ಆದರೆ ಅಡಿಗಲ್ಲು ಹಾಕಿದ್ದು ಅವರ ಕಾಲದಲ್ಲಿ. ಹಾಗಾಗಿ ಐದನೇ ಮಹಡಿ ತಮ್ಮದೇ ಕೊಡುಗೆ ಎಂದು ಅವರು ಜಗಳಕ್ಕೆ ನಿಂತರು. ಅದರ ನೆಲಕ್ಕೆ ಹಾಕಿದ ಕಲ್ಲು ಆಗಲೇ ಬಿರುಕು ಬಿಟ್ಟಿದೆ, ಇದು ಹಗಲುದರೋಡೆ ಎಂದೂ ಕೂಗಾಡಿದರು. ಒಂದು ಮಹಡಿಗಾಗಿ ಇಬ್ಬರು ಹೀಗೆ ಹೊಡೆದಾಡುವಾಗ ಆ ಮಹಡಿಯೇ ಇಲ್ಲ ಎಂದರೆ ನಂಬುವವರು ಯಾರು?

ಲಿಫ್ಟಣ್ಣ ಮೊದಮೊದಲು ನಿಜವನ್ನೇ ಹೇಳಿದ. ‘ಐದನೇ ಮಹಡಿ ಅಂತ ಇಲ್ಲ ಕಣಮ್ಮ, ನಾಲ್ಕೇ ಇರೋದು.’ ನಿಜ ಹೇಳಿದ್ದಕ್ಕೆ ಸಿಕ್ಕಿದ್ದೇನು? ಬೈಗುಳ. ‘ದೊಡ್ಡವರನ್ನಾದರೆ ಕರಕೊಂಡು ಹೋಗ್ತೀಯ, ನಮ್ಮಂಥವರಿಗೆ ಇಲ್ಲ ಅಂತೀಯ’ ಎಂದು ಒಬ್ಬಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಿಂತಳು. ಇನ್ನೊಬ್ಬ ಸದ್ದಿಲ್ಲದೆ ಅವನ ಜೇಬಿಗೆ ನೋಟು ತುರುಕಿ ಕಣ್ಣು ಮಿಟುಕಿಸಿದ. ನೋಟು ವಾಪಸ್ಸು ಕೊಟ್ಟರೆ, ಇವನಿಗೆ ಇಷ್ಟು ಸಾಲದು ಅಂತ ಕಾಣುತ್ತೆ ಎಂದುಕೊಂಡ. ಎಲ್ಲಕ್ಕಿಂತ ತಲೆ ಕೆಡಿಸಿದವನು ಸೈಕಲ್ ರಿಪೇರಿಯವನು. ಅವನು ಐದನೇ ಮಹಡಿಯಲ್ಲಿ ಮೂರು ದಿನ ಮಲಗಿದ್ದನಂತೆ.

‘ಮಲಗಿದ್ದೆಯಾ? ಹೇಗೆ ಹೋದೆ ಅಲ್ಲಿಗೆ?’ ಎಂದು ಲಿಫ್ಟಣ್ಣ ಕೇಳಿದ.

‘ಇದೇ ಲಿಫ್ಟಲ್ಲಿ. ನೀನೇ ಬಿಟ್ಟು ಬಂದೆಯಲ್ಲ ಮಾರಾಯ, ಮರೆತುಬಿಟ್ಟೆಯಾ? ಕಿಟಕಿ ಪಕ್ಕದ ಮಂಚ. ಒಳ್ಳೇ ಗಾಳಿ.’

ಲಿಫ್ಟಿನಲ್ಲಿದ್ದ ಉಳಿದ ಆರು ಜನ ಲಿಫ್ಟಣ್ಣನನ್ನು ಕೆಕ್ಕರಿಸಿ ನೋಡಿದರು. ಅವತ್ತು ಮಧ್ಯಾಹ್ನ ಅವನು ಯಾರಿಗೂ ಹೇಳದೆ ತಾರಸಿಗೆ ಹೋಗಿ ಒಂದು ಸುತ್ತು ಹಾಕಿ ಬಂದ. ತನ್ನ ಕಣ್ಣ ಮೇಲೆ ತನಗೇ ಅನುಮಾನ ಹುಟ್ಟಿತ್ತು ಎಂದರೆ ನಗಬೇಡಿ. ದಿನಕ್ಕೆ ಮುನ್ನೂರು ಜನ ಎದುರಾಡಿದರೆ ನಿಮಗೂ ಹುಟ್ಟುತ್ತದೆ.

ಕಚೇರಿಯ ಮೇಲಧಿಕಾರಿಗೆ ಹೇಳಿ ನೋಡಿದ. ಕೆಳಗಿನ ಬೋರ್ಡಿನಲ್ಲಿ ‘ಐದನೇ ಮಹಡಿ: ವಿಶೇಷ ಚಿಕಿತ್ಸೆ’ ಎಂದು ಬರೆದಿದೆ, ಅದನ್ನಾದರೂ ಅಳಿಸಿ ಎಂದು ಬೇಡಿಕೊಂಡ. ‘ಮಂತ್ರಿಗಳು ಇದೆ ಅಂದದ್ದನ್ನ ನಾನು ಅಳಿಸೋದಾ? ನನಗೆ ನಿವೃತ್ತಿಗೆ ಎರಡು ವರ್ಷ ಇದೆ ಕಣಯ್ಯ’ ಎಂದು ಅವರು ಕೈ ಮುಗಿದರು.

ಹೀಗೆ ಒಂದು ದಿನ, ಎಂಟು ಜನ ತುಂಬಿದ ಲಿಫ್ಟಿನಲ್ಲಿ, ಹಿಂದಿನ ರಾತ್ರಿ ನಿದ್ದೆಗೆಟ್ಟು ತಲೆ ಸಿಡಿಯುತ್ತಿದ್ದಾಗ, ಒಬ್ಬ ಮುದುಕ ‘ಐದು’ ಎಂದ. ಲಿಫ್ಟಣ್ಣನ ಬಾಯಿಂದ ತಾನಾಗಿ ಬಂತು: ‘ಐದನೇ ಮಹಡಿ ಇವತ್ತು ಮುಚ್ಚಿದೆ ಅಜ್ಜ.’

ಮುದುಕ ತಲೆ ಅಲ್ಲಾಡಿಸಿದ. ‘ಹೌದಾ? ಸರಿ ಮಗ, ಇನ್ನೊಂದು ದಿನ ಬರ್ತೀನಿ’ ಎಂದು ನಾಲ್ಕರಲ್ಲಿ ಇಳಿದು ಹಲ್ಲಿನ ಡಾಕ್ಟರ ಕಡೆ ಹೋದ. ಜಗಳವಿಲ್ಲ, ಬೈಗುಳವಿಲ್ಲ. ಲಿಫ್ಟಣ್ಣನಿಗೆ ತಲೆಯ ಮೇಲಿನ ಮೂಟೆ ಇಳಿಸಿದ ಹಾಗಾಯಿತು.

ಆಮೇಲೆ ಅವನಿಗೆ ಅದೇ ರೂಢಿಯಾಯಿತು. ಬರೀ ‘ಮುಚ್ಚಿದೆ’ ಎನ್ನುತ್ತಿದ್ದವನು ಬರಬರುತ್ತಾ ಅದಕ್ಕೆ ಒಗ್ಗರಣೆ ಹಾಕುವುದನ್ನೂ ಕಲಿತ. ‘ನೆಲ ಒರೆಸ್ತಿದ್ದಾರೆ.’ ‘ದೊಡ್ಡ ಡಾಕ್ಟ್ರು ರಜ.’ ‘ಯಂತ್ರಕ್ಕೆ ಎಣ್ಣೆ ಬಿಡ್ತಿದ್ದಾರೆ.’ ಹೇಳುವಾಗ ಅವನಿಗೆ ಒಳಗೊಳಗೇ ನಗುವೂ ಬರುತ್ತಿತ್ತು, ಅದನ್ನು ಮುಚ್ಚಿಡುವುದೇಕೆ. ನಿಜ ಹೇಳುವಾಗ ಉಗಿಯುತ್ತಿದ್ದ ಜನವೇ ಈಗ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸಿ ಹೋಗುತ್ತಿದ್ದರು. ಮುಚ್ಚಿದೆ ಎಂದ ಮೇಲೆ ಮುಚ್ಚುವುದಕ್ಕೆ ಅಲ್ಲಿ ಏನೋ ಇದೆ ಎಂದಾಯಿತಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಅವನು ನಿಲ್ಲಿಸುತ್ತಿದ್ದನೆಂದು ನನಗನ್ನಿಸುವುದಿಲ್ಲ. ಒಂದು ವರ್ಷ ಸುಖವಾಗಿ ಕಳೆಯಿತು.

ಅಷ್ಟರಲ್ಲಿ ಅಕ್ಕನ ಕಣ್ಣು ಕೆಟ್ಟಿತು.

ಅಕ್ಕ ಎಂದರೆ ಅವನಿಗಿಂತ ಎಂಟು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಪಕ್ಕದ ಕೋಣೆಯಲ್ಲಿ ಒಬ್ಬಳೇ ಇದ್ದು, ಅಂಗಡಿಯಿಂದ ಬರುವ ಅಂಗಿಗಳಿಗೆ ಗುಂಡಿ ಹೊಲಿದು ಬದುಕುತ್ತಿದ್ದಳು. ಯಾರ ಹಂಗೂ ಬೇಡ ಎನ್ನುವ ಹೆಂಗಸು. ಎಡಗಣ್ಣು ಚಿಕ್ಕಂದಿನಲ್ಲೇ ಕಡ್ಡಿ ಚುಚ್ಚಿ ಹೋಗಿತ್ತು. ಇದ್ದದ್ದು ಬಲಗಣ್ಣೊಂದೇ, ಅದಕ್ಕೂ ಈಗ ಪೊರೆ ಬಂದು ಎಲ್ಲ ಹೊಗೆ ಹೊಗೆಯಾಗಿತ್ತು. ಸೂಜಿಗೆ ದಾರ ಪೋಣಿಸಿಕೊಡಲು ತಮ್ಮನ ಹೆಂಡತಿಯನ್ನು ಕೂಗಬೇಕಾದ ದಿನ ಅವಳು ಊಟ ಮಾಡಲಿಲ್ಲ.

ತಮ್ಮ ಅವಳನ್ನು ನಾಲ್ಕನೇ ಮಹಡಿಗೆ ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರು ಇನ್ನೂ ಮೀಸೆ ಬಲಿಯದ ಹುಡುಗನಂತಿದ್ದರೂ ಕೆಲಸ ಬಲ್ಲವರು. ದೀಪ ಬಿಟ್ಟು ನೋಡಿ, ಕಣ್ಣಿಗೆ ಹನಿ ಹಾಕಿ, ಲಿಫ್ಟಣ್ಣನನ್ನು ಪಕ್ಕಕ್ಕೆ ಕರೆದರು.

‘ಪೊರೆ ಬಲಿತು ಊದಿಕೊಂಡಿದೆ. ಒಳಗೆ ಒತ್ತಡ ಏರ್ತಾ ಇದೆ. ಹನಿ ಹಾಕಿದರೆ ಹತ್ತು ದಿನ ತಡೆದೀತು, ಅಷ್ಟೇ. ಅಷ್ಟರೊಳಗೆ ದೊಡ್ಡ ಊರಿನ ಆಸ್ಪತ್ರೆಗೆ ಕರಕೊಂಡು ಹೋಗಿ ತೆಗೆಸಿಬಿಡಿ. ನರ ಸತ್ತರೆ ಆಮೇಲೆ ಯಾರೂ ಏನೂ ಮಾಡೋಕಾಗಲ್ಲ. ಇಲ್ಲಿ ಅದಕ್ಕೆ ಬೇಕಾದ ಯಂತ್ರ ಇಲ್ಲ.’

ದೊಡ್ಡ ಊರು ಬಸ್ಸಿನಲ್ಲಿ ಆರು ಗಂಟೆಯ ದಾರಿ. ಲಿಫ್ಟಣ್ಣ ಅಕ್ಕನ ಕೈ ಹಿಡಿದು ಲಿಫ್ಟಿಗೆ ಹತ್ತಿಸಿ, ವಿಷಯ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಒಬ್ಬಳು ಮುದುಕಿ ಒಳಗೆ ಬಂದು ‘ಐದಕ್ಕೆ ಬಿಡಪ್ಪ’ ಎಂದಳು. ಅವನು ಅಭ್ಯಾಸಬಲದಿಂದ, ‘ಇವತ್ತು ಮುಚ್ಚಿದೆ ಅಜ್ಜಿ, ಯಂತ್ರ ತೊಳೀತಿದ್ದಾರೆ, ಮುಂದಿನ ವಾರ ಬಾ’ ಎಂದುಬಿಟ್ಟ.

ಕೆಳಗಿಳಿದ ಮೇಲೆ ಬೆಂಚಿನ ಮೇಲೆ ಕೂರಿಸಿ ದೊಡ್ಡ ಊರಿನ ಮಾತೆತ್ತಿದ. ಅಕ್ಕ ಸಾವಧಾನವಾಗಿ ಕೇಳಿಸಿಕೊಂಡಳು.

‘ಅಷ್ಟು ದೂರ ಯಾಕೆ? ಮುಂದಿನ ವಾರ ಐದನೇ ಮಹಡಿ ತೆಗೀತಾರಲ್ಲ, ಅಲ್ಲೇ ಮಾಡಿಸಿದರಾಯ್ತು.’

‘ಅಕ್ಕ, ಐದನೇ ಮಹಡಿ ಅಂತ ಇಲ್ಲ.’

‘ಈಗ ತಾನೇ ಆ ಅಜ್ಜಿಗೆ ಏನಂದೆ? ನನ್ನ ಕಣ್ಣು ಹೋಗಿದೆ ಕಣೋ, ಕಿವಿ ಹೋಗಿಲ್ಲ.’

‘ಅದು... ಸುಮ್ಮನೆ ಹೇಳೋದು. ಜಗಳ ತಪ್ಪಲಿ ಅಂತ.’

‘ಯಾರೋ ದಾರಿಹೋಕರಿಗೆ ನಿಜ ಹೇಳಿ, ಹೊತ್ತು ಸಾಕಿದ ನನಗೆ ಸುಳ್ಳು ಹೇಳ್ತೀಯಾ?’

ಅಕ್ಕ ದನಿ ತಗ್ಗಿಸಿ ಹೇಳಿದಳು, ‘ಅಲ್ಲಿ ನನಗೆ ಯಾರು ಗೊತ್ತು? ಕಣ್ಣು ಕಟ್ಟಿ ಮಲಗಿಸಿದರೆ ನೀರು ಕೊಡು ಅಂತ ಯಾರನ್ನ ಕೇಳಲಿ? ಇಲ್ಲಾದರೆ ನೀನು ಕೆಳಗೇ ಇರ್ತೀಯ.’ ಅವಳು ಹೆದರಿದ್ದಳು. ಹೆದರಿದವಳಿಗೆ ಆರು ಗಂಟೆಯ ಬಸ್ಸಿಗಿಂತ ಒಂದು ಮಹಡಿ ಮೇಲೆ ಹೋಗುವುದು ಹಿತವಾಗಿತ್ತು. ಮಂತ್ರಿಗಳ ಮಾತಿಗೆ ಬಲ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ನಾನು ಆ ಬೆಂಚನ್ನು ತೋರಿಸುತ್ತೇನೆ.

ಮೂರನೇ ದಿನ ಅವನು ಅವಳನ್ನು ತಾರಸಿಗೇ ಕರೆದೊಯ್ದ. ಕೈಯಾರೆ ಮುಟ್ಟಿ ನೋಡಲಿ, ಆಗಲಾದರೂ ನಂಬುತ್ತಾಳೆ ಎಂಬ ಲೆಕ್ಕ. ನಾಲ್ಕರಿಂದ ಮೇಲಕ್ಕೆ ಮೆಟ್ಟಿಲು ಹತ್ತಿಸಿ, ಕಬ್ಬಿಣದ ಬಾಗಿಲು ತಳ್ಳಿ, ಬಿಸಿಲಿಗೆ ನಿಲ್ಲಿಸಿದ.

‘ನೋಡು, ಏನಿದೆ ಇಲ್ಲಿ? ಬರೀ ತಾರಸಿ.’

ಅಕ್ಕ ಕೈ ಚಾಚಿಕೊಂಡು ನಾಲ್ಕು ಹೆಜ್ಜೆ ನಡೆದಳು. ಕೈಗೆ ಒದ್ದೆ ಬಟ್ಟೆ ತಾಗಿತು. ಇನ್ನೊಂದು, ಮತ್ತೊಂದು. ಹೊಲಿಗೆಯವಳು, ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

‘ಹಾಸಿಗೆ ಬಟ್ಟೆ. ಒಳ್ಳೇ ದಪ್ಪ ನೂಲು. ಎಷ್ಟಿವೆ?’

‘ಒಂದು ಅರವತ್ತು ಇರಬಹುದು.’

‘ಮಂಚ ಇಲ್ಲದೆ ಅರವತ್ತು ಹಾಸಿಗೆ ಬಟ್ಟೆ ಯಾಕೋ?’

‘ಅದು ಮೂರನೇ ಮಹಡೀದು ಅಕ್ಕ. ಒಣಗೋಕೆ ಹಾಕಿದ್ದಾರೆ.’

‘ಮೂರನೇದನ್ನ ಮೂರರಲ್ಲಿ ಒಣಗಿಸ್ತಾರೆ’ ಎಂದಳು ಅಕ್ಕ. ಗಾಳಿ ಬೀಸಿ ಅವಳ ತಲೆಗೂದಲು ಹಾರಿತು. ಮುಖದಲ್ಲಿ ಅಷ್ಟು ದಿನದಲ್ಲಿ ಕಾಣದ ನೆಮ್ಮದಿ. ‘ಸೈಕಲ್‌ನವನು ಹೇಳಿದ್ದು ನಿಜ. ಗಾಳಿ ಚೆನ್ನಾಗಿದೆ. ನನಗೆ ಕಿಟಕಿ ಪಕ್ಕದ್ದೇ ಕೊಡಿಸು.’

ಲಿಫ್ಟಣ್ಣ ನೀರಿನ ಟ್ಯಾಂಕಿಗೆ ಒರಗಿ ಕೂತ. ಪಾರಿವಾಳವೊಂದು ಅವನ ಪಕ್ಕದಲ್ಲೇ ಬಂದು ಕೂತು ಗುಟುರು ಹಾಕಿತು.

ಡಾಕ್ಟರ ಕೈಯಲ್ಲಿ ಹೇಳಿಸಿದ. ‘ಅಮ್ಮ, ನಾನು ಇಲ್ಲೇ ಕೆಲಸ ಮಾಡೋನು. ಐದನೇ ಮಹಡಿ ಇಲ್ಲ’ ಎಂದು ಡಾಕ್ಟರು ಕೈ ಹಿಡಿದು ಹೇಳಿದರು. ಅಕ್ಕ ಎದುರಿಗೆ ‘ಆಯ್ತಪ್ಪ’ ಎಂದು, ಹೊರಗೆ ಬಂದ ಮೇಲೆ, ‘ನಾಲ್ಕನೇ ಮಹಡಿಯವನು ಐದನೇದನ್ನ ಇದೆ ಅಂತಾನಾ? ಹೊಟ್ಟೆಕಿಚ್ಚು ಪಾಪ’ ಎಂದಳು. ಹೆಂಡತಿಯ ಕೈಯಲ್ಲಿ ಹೇಳಿಸಿದ. ಹೆಂಡತಿ ಅತ್ತಿಗೆಯ ಮುಂದೆ ಕೂತು ಗಂಟೆಗಟ್ಟಲೆ ಮಾತಾಡಿ ಬಂದು, ‘ನೋಡ್ರೀ, ನಿಜವಾಗ್ಲೂ ಇಲ್ವಾ?’ ಎಂದು ಇವನನ್ನೇ ಕೇಳಿದಳು.

ಏಳನೇ ದಿನ ಮಂತ್ರಿಗಳು ರೇಡಿಯೋದಲ್ಲಿ ಮಾತಾಡಿದರು. ಐದನೇ ಮಹಡಿಯ ವಿರುದ್ಧ ಕೆಲವರು ಪಿತೂರಿ ನಡೆಸಿದ್ದಾರೆ, ಅದು ಇಲ್ಲವೆಂದು ಹಬ್ಬಿಸುತ್ತಿದ್ದಾರೆ, ಅಂಥವರ ಮಾತಿಗೆ ಕಿವಿಗೊಡಬೇಡಿ ಎಂದರು. ಅಕ್ಕ ರೇಡಿಯೋ ಆರಿಸಿ ತಮ್ಮನ ಕಡೆ ಮುಖ ತಿರುಗಿಸಿದಳು. ಅದು ಅವನಿಗೆ ಕೆನ್ನೆಗೆ ಬಾರಿಸಿದಂತೆ ಆಯಿತು. ಪಿತೂರಿ ಮಾಡುವವನು ತಾನಂತೆ!

ಎಂಟನೇ ದಿನ ಬೆಳಿಗ್ಗೆ ಅಕ್ಕ ಚಹಾದ ಲೋಟಕ್ಕೆ ಕೈ ಚಾಚಿದಳು. ಲೋಟ ಅವಳ ಎದುರಿಗೇ ಇತ್ತು. ಕೈ ಅದರ ಪಕ್ಕದಲ್ಲಿ ಹಾದುಹೋಗಿ, ಮತ್ತೆ ಹಾದುಹೋಗಿ, ಕೊನೆಗೆ ಅವಳು ಕೈಯನ್ನು ಮಡಿಲಿಗೆ ತಂದುಕೊಂಡು ‘ಆಮೇಲೆ ಕುಡೀತೀನಿ’ ಎಂದಳು. ಲಿಫ್ಟಣ್ಣ ಆ ಗಳಿಗೆಯಲ್ಲಿ ಯೋಚಿಸಲಿಲ್ಲ. ಯೋಚಿಸಿದ್ದರೆ ಬಾಯಿಂದ ಆ ಮಾತು ಹೊರಡುತ್ತಿರಲಿಲ್ಲ.

‘ಅಕ್ಕ, ನಿನ್ನ ಹತ್ತಿರ ಮುಚ್ಚಿಟ್ಟಿದ್ದೆ. ಐದನೇ ಮಹಡಿ ಇತ್ತು.’

‘ಇತ್ತು ಅಂದರೆ?’

‘ಈಗ ಇಲ್ಲ. ದೊಡ್ಡ ಊರಿಗೆ ಸಾಗಿಸಿಬಿಟ್ಟರು.’

ಅಕ್ಕ ಈಗ ಬೈಯುತ್ತಾಳೆ, ಕಿವಿಗೆ ಹೂವು ಇಡಬೇಡ ಎನ್ನುತ್ತಾಳೆ ಎಂದು ಅವನು ಕಾದ.

‘ಎಲ್ಲಾ?’ ಎಂದಳು.

‘ಎಲ್ಲಾ. ಮಂಚ, ಯಂತ್ರ, ಡಾಕ್ಟ್ರು, ನರ್ಸು.’

‘ಯಾವಾಗ?’

‘ಭಾನುವಾರ. ಯಾರಿಗೂ ಹೇಳಬೇಡ ಅಂದಿದ್ದಾರೆ.’

‘ನನಗೆ ಅವತ್ತೇ ಅನ್ನಿಸಿತ್ತು’ ಎಂದಳು ಅಕ್ಕ. ‘ನಮ್ಮೂರಿಗೆ ಏನಾದರೂ ಒಳ್ಳೇದು ಬಂದರೆ ದೊಡ್ಡ ಊರಿನವರ ಕಣ್ಣು ಕುಕ್ಕುತ್ತೆ. ನೀನು ಇಲ್ಲ ಇಲ್ಲ ಅಂತ ಬಡಕೊಳ್ತಿದ್ದೆಯಲ್ಲ, ಇದಕ್ಕೇನಾ? ಮೊದಲೇ ಬಿಡಿಸಿ ಹೇಳೋಕೇನಾಗಿತ್ತು ನಿನಗೆ?’ ಎದ್ದು ನಿಂತು ಗೋಡೆ ಸವರಿಕೊಂಡು ಹೋಗಿ ಚೀಲ ತೆಗೆದಳು. ‘ಮೊದಲ ಬಸ್ಸು ಎಷ್ಟು ಗಂಟೆಗೆ?’

ಎಂಟು ದಿನದ ನಿಜ ಮಾಡದ ಕೆಲಸವನ್ನು ಎರಡು ನಿಮಿಷದ ಬುರುಡೆ ಮಾಡಿತ್ತು. ಲಿಫ್ಟಣ್ಣ ರಜೆ ಹಾಕಿ ಜೊತೆಗೆ ಹೋದ. ಬಸ್ಸಿನ ದಾರಿಯುದ್ದಕ್ಕೂ ಅಕ್ಕ, ತಮ್ಮೂರಿನ ಮಹಡಿ ಕಳವಾದದ್ದನ್ನು ಪಕ್ಕದವರಿಗೆ ಹೇಳುತ್ತಲೇ ಇದ್ದಳು. ಭಯ ಎಲ್ಲೋ ಮಾಯವಾಗಿತ್ತು. ಕೆರಳಿದ ಮೇಲೆ ಹೆದರಲು ಅವಳಿಗೆ ಪುರುಸೊತ್ತೇ ಇರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದ ಕೋಣೆ ಎರಡನೇ ಮಹಡಿಯಲ್ಲಿತ್ತು. ‘ಇದು ನಮ್ಮ ಐದನೇದು’ ಎಂದು ಅವಳು ಪಕ್ಕದ ಮಂಚದವಳಿಗೆ ಗುಟ್ಟಾಗಿ ತಿಳಿಸಿದಳು. ಮಂಚದ ಹಾಸಿಗೆ ಬಟ್ಟೆ ಮುಟ್ಟಿ ನೋಡಿ, ಅದೇ ನೂಲು ಎಂದು ಗುರುತೂ ಹಿಡಿದಳು.

ಪೊರೆ ತೆಗೆದರು. ನರ ಉಳಿದಿತ್ತು. ಪಟ್ಟಿ ಬಿಚ್ಚಿದ ದಿನ ಅಕ್ಕ ಮೊದಲು ತನ್ನ ಕೈಯನ್ನು ನೋಡಿಕೊಂಡಳು, ಆಮೇಲೆ ನರ್ಸಮ್ಮನ ಅಂಗಿಯ ಗುಂಡಿಗಳನ್ನು ನೋಡಿ, ಮೇಲಿನಿಂದ ಎರಡನೆಯದು ಸಡಿಲವಾಗಿದೆ, ದಾರ ಕೊಟ್ಟರೆ ಹೊಲಿದುಕೊಡುತ್ತೇನೆ ಎಂದಳು. ಲಿಫ್ಟಣ್ಣ ಬಾಗಿಲ ಹೊರಗೆ ಹೋಗಿ ಗೋಡೆಗೆ ಮುಖ ಹಾಕಿ ಅತ್ತ. ಮಂತ್ರಿಗಳಷ್ಟೇ ದೊಡ್ಡ ಸುಳ್ಳು ಹೇಳಿದ್ದಕ್ಕೆ ಅವನಿಗೆ ಎಳ್ಳಷ್ಟೂ ಪಶ್ಚಾತ್ತಾಪವಿರಲಿಲ್ಲ, ನಾನಾಗಿದ್ದರೂ ಇರುತ್ತಿರಲಿಲ್ಲ.

ಊರಿಗೆ ಬಂದ ಎರಡನೇ ವಾರ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆಯ ಗೇಟಿನ ಎದುರು ನಿಂತಳು. ಒಬ್ಬಳೇ ಅಲ್ಲ, ಹಿಂದೆ ಸೈಕಲ್ ರಿಪೇರಿಯವನು, ಅಂಗಿ ಅಂಗಡಿಯವರು, ಚೀಟಿ ಸಾಲಿನವರು, ಎರಡೂ ಪಕ್ಷದವರು ಇದ್ದರು. ಅಕ್ಕ ಬೆರಳೆತ್ತಿ ಜೋರಾಗಿ ಎಣಿಸಿದಳು. ‘ಒಂದು. ಎರಡು. ಮೂರು. ನಾಲ್ಕು. ಎಲ್ಲಿ ಇನ್ನೊಂದು?’

ಒಂಬತ್ತು ವರ್ಷದಲ್ಲಿ ಆ ಊರು ಕಟ್ಟಡವನ್ನು ಎಣಿಸಿ ನೋಡಿದ್ದು ಅವತ್ತೇ ಮೊದಲು. ನಾಲ್ಕೇ ಇತ್ತು. ಕಣ್ಣಾರೆ ಕಂಡ ಮೇಲೆ ಇನ್ನೇನು ಬೇಕು? ಜನ ರೊಚ್ಚಿಗೆದ್ದರು. ಎದುರು ಪಕ್ಷದವರು, ಮಂತ್ರಿಗಳೇ ಮಹಡಿಯನ್ನು ಮಾರಿಕೊಂಡರು ಎಂದರು. ಮಂತ್ರಿಗಳು ಅದೇ ಸಂಜೆ ರೇಡಿಯೋದಲ್ಲಿ ದುಃಖದಿಂದ ಮಾತಾಡಿ, ತಮ್ಮ ಬೆನ್ನ ಹಿಂದೆ ನಡೆದ ಈ ಸಾಗಾಟವನ್ನು ಖಂಡಿಸಿ, ನೂರು ದಿನದೊಳಗೆ ಐದನೇ ಮಹಡಿಯನ್ನು ವಾಪಸ್ಸು ತರುವುದಾಗಿ ಮಾತು ಕೊಟ್ಟರು. ಕೆಳಗಿನ ಬೋರ್ಡಿನಲ್ಲಿ ಆ ಸಾಲಿನ ಪಕ್ಕಕ್ಕೆ ಮೇಲಧಿಕಾರಿಗಳು ‘ತಾತ್ಕಾಲಿಕವಾಗಿ ಬೇರೆಡೆ’ ಎಂದು ಬರೆಸಿದರು. ಬರೆಸುವಾಗ ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ಲಿಫ್ಟಣ್ಣ ಹಿಂದೆಂದೂ ನೋಡಿರಲಿಲ್ಲ.

ಮರುದಿನ ಮನವಿಪತ್ರ ಕೊಡಲು ಎಂಟು ಜನ ಲಿಫ್ಟು ಹತ್ತಿದರು. ಮುಂದೆ ಅಕ್ಕ. ಲಿಫ್ಟಣ್ಣ ನಾಲ್ಕನ್ನು ಒತ್ತಿದ. ಅಕ್ಕ ಕನ್ನಡಕ ತೆಗೆದು ಅವನ ಮುಖವನ್ನು ಹತ್ತಿರದಿಂದ ನೋಡಿದಳು.

‘ಗಲ್ಲದ ಕೆಳಗೆ ಗಡ್ಡ ಬಿಟ್ಟಿದ್ದೀಯ. ಬೆಳಕಲ್ಲಿ ನಿಂತು ಕ್ಷೌರ ಮಾಡಿಕೋ.’

ಇಷ್ಟು ಸಣ್ಣದು ಅವಳಿಗೆ ಕಾಣಿಸಿತಲ್ಲ ಎಂದು ಲಿಫ್ಟಣ್ಣ ಗಲ್ಲ ಸವರಿಕೊಂಡ. ಹೂಂಗುಟ್ಟಿದ. ಲಿಫ್ಟು ಎರಡು ದಾಟಿತು.

‘ಅದಿರಲಿ, ಒಂದು ಮಾತು ಕೇಳ್ತೀನಿ’ ಎಂದಳು ಅಕ್ಕ. ‘ಮಂಚ, ಯಂತ್ರ, ಅಷ್ಟನ್ನೂ ಮೆಟ್ಟಿಲಲ್ಲಿ ಇಳಿಸೋಕಾಗಲ್ಲ. ನಿನ್ನ ಲಿಫ್ಟಲ್ಲೇ ತಾನೆ ಇಳಿಸಿದ್ದು?’

ಉಳಿದ ಏಳು ಜನ ಲಿಫ್ಟಣ್ಣನ ಕಡೆ ತಿರುಗಿದರು.

‘ನೀನು ಇದೇ ಸ್ಟೂಲ್ ಮೇಲೆ ಕೂತಿದ್ದೆ. ಎಲ್ಲಾ ನಿನ್ನ ಕಣ್ಣೆದುರಿಗೇ ನಡೀತು. ಊರಿಗೆ ಇಂಥ ಅನ್ಯಾಯ ಆಗ್ತಿದ್ದಾಗ ನೀನೇನು ಮಾಡ್ತಿದ್ದೆ?’

ಲಿಫ್ಟು ಮೂರನ್ನು ದಾಟಿತು. ಹೇಳಲು ಅವನ ಬಳಿ ಹತ್ತಾರು ಮಾತಿದ್ದವು, ಒಗ್ಗರಣೆಯೂ ಕೈಯಳತೆಯಲ್ಲೇ ಇತ್ತು. ಆದರೆ ಅಕ್ಕನ ಆ ಒಂದು ಕಣ್ಣು ನಿಚ್ಚಳವಾಗಿ ತನ್ನನ್ನೇ ನೋಡುತ್ತಿರುವಾಗ ಅವನ್ನು ಆಡಲು ನಾಲಿಗೆ ಏಳಲಿಲ್ಲ.

‘ಎಲ್ಲಾ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದೆ ಅಕ್ಕ’ ಎಂದ.

ಎಂಟು ಜನವೂ ತಲೆಯಾಡಿಸಿದರು. ಒಬ್ಬರೂ ಎದುರಾಡಲಿಲ್ಲ. ಐದನೇ ಮಹಡಿಯ ಬಗ್ಗೆ ಅವನು ಹೇಳಿದ ನಿಜವೊಂದನ್ನು ಜನ ಮರುಮಾತಿಲ್ಲದೆ ನಂಬಿದ್ದು ಅದೇ ಮೊದಲು.